ಪದ್ಮತ್ತೆ ನರಿ ಮುಖ ನೋಡಿದ್ದು

ಮೊನ್ನೆ ಕೋಟ್ ಕ್ಲಾಸೆಟ್ ಖಾಲಿ ಮಾಡುತ್ತಿದ್ದಾಗ ನನ್ನ ಗಂಡ ರಘುವಿನ ಜಾಕೆಟ್ ಜೇಬಿನಿಂದ ಒಂದು ಕಣ್ಣುಪಟ್ಟಿ ಉದುರಿತು. ವಿಮಾನದಲ್ಲಿ ನಿದ್ದೆ ಮಾಡುವವರಿಗೆ ಕೊಡುತ್ತಾರಲ್ಲ, ಆ ಥರದ್ದು. ನೀಲಿ ಬಟ್ಟೆ, ಹಿಂದೆ ಸಡಿಲವಾದ ಎಲಾಸ್ಟಿಕ್. ಕೊಡವಿದರೆ ಬೂದು ಬಣ್ಣದ ಧೂಳು. ಒಗೆಯಲು ಹಾಕೋಣವೆಂದು ಹೊರಟವಳು ಹಾಕದೆ, ಡ್ರೈಯರ್ ಮೇಲೆ ಹತ್ತಿ ಕೂತು ಒಬ್ಬಳೇ ನಗತೊಡಗಿದೆ. ನನ್ನ ಭಾರಕ್ಕೆ ಡ್ರೈಯರ್ 'ಟಣ್' ಎಂದಿತು. ಕೆಳಗಿನಿಂದ ರಘು, "ಏನು ಬಿತ್ತು?" ಎಂದ.

"ಏನಿಲ್ಲ, ನಾನು ಕೂತೆ."

ಆ ಪಟ್ಟಿ ಕಟ್ಟಿಕೊಂಡು ನಮ್ಮ ಪದ್ಮತ್ತೆ ಆಫ್ರಿಕಾದಲ್ಲಿ ಸಫಾರಿ ಮಾಡಿದ್ದರು. ಹೌದು, ಕಣ್ಣು ಕಟ್ಟಿಕೊಂಡು. ನೀವು ಸರಿಯಾಗಿಯೇ ಓದಿದಿರಿ.

ನಿಮಗೂ ಗೊತ್ತಲ್ಲ, ನಮ್ಮಲ್ಲಿ ಯಾರಿಗಾದರೂ ಇದ್ದಕ್ಕಿದ್ದಂತೆ ಒಳ್ಳೆಯದಾದರೆ "ಏನು, ಬೆಳಗ್ಗೆ ನರಿ ಮುಖ ನೋಡಿ ಎದ್ದಿದ್ಯಾ?" ಎಂದು ಕೇಳುವುದುಂಟು. ನಾನು ಮೈಸೂರಿನವಳು. ನರಿಯನ್ನು ಕಂಡದ್ದು ಮೃಗಾಲಯದಲ್ಲಿ, ಅದೂ ಅದರ ಬೆನ್ನು. ಆದರೂ ದೇಶ ಬಿಟ್ಟು ಕೆಂಡಲ್ ಪಾರ್ಕಿಗೆ ಬಂದು ಇಪ್ಪತ್ತೈದು ವರ್ಷವಾದರೂ ಆ ಮಾತು ನಮ್ಮ ಮನೆ ಬಿಟ್ಟಿಲ್ಲ. ಜ್ಯಾಕ್ಸನ್ ಹೈಟ್ಸಿನ 74ನೇ ಬೀದಿಯಲ್ಲಿ ಶನಿವಾರ ಮಧ್ಯಾಹ್ನ ಅಂಗಡಿ ಮುಂದೆಯೇ ಪಾರ್ಕಿಂಗ್ ಸಿಕ್ಕಿತೋ, ರಘು ಸ್ಟಿಯರಿಂಗ್ ಬಡಿದು "ನರಿ ಮುಖ!" ಎನ್ನುತ್ತಾನೆ. ರೂಟ್ ಒನ್ನಿನಲ್ಲಿ ಸಾಲಾಗಿ ಐದು ಹಸಿರು ಸಿಗ್ನಲ್ ಸಿಕ್ಕರೆ "ಜೋಡಿ ನರಿ!" ನಮ್ಮ ಮಗಳು ಅನಘಾ ಚಿಕ್ಕವಳಿದ್ದಾಗ ಕನ್ನಡದಲ್ಲಿ ನರಿ ಅಂದರೆ ಪಾರ್ಕಿಂಗ್ ಜಾಗ ಎಂದೇ ತಿಳಿದಿದ್ದಳು. ಈಗ ಕಾಲೇಜಿನಲ್ಲಿ ಬಯಾಲಜಿ ಓದುತ್ತಿದ್ದಾಳೆ, ಅದು ಬೇರೆ ಮಾತು.

ಪದ್ಮತ್ತೆ ರಘುವಿನ ಸೋದರತ್ತೆ. ವಯಸ್ಸು ಎಪ್ಪತ್ತೆಂಟು. ಪೆಥಾಲಜಿ ಡಾಕ್ಟರಾಗಿ ನಲವತ್ತು ವರ್ಷ ಮೈಕ್ರೋಸ್ಕೋಪಿನೊಳಗೆ ಇಣುಕಿ, ರಿಟೈರ್ ಆದ ಮೇಲೆ ಫೋರ್ಟ್ ಲೀಯಲ್ಲಿ ಸೇತುವೆ ಕಾಣುವ ಹತ್ತೊಂಬತ್ತನೇ ಮಹಡಿಯಲ್ಲಿ ಒಬ್ಬರೇ ಇದ್ದಾರೆ. ಯಾರ ಹಂಗೂ ಇಲ್ಲ. ತಾವೇ ಡ್ರೈವ್ ಮಾಡುತ್ತಿದ್ದರು. ಅವರನ್ನು ಕಂಡರೆ ನನಗೆ ಮೊದಲಿಂದಲೂ ಸ್ವಲ್ಪ ಅಂಜಿಕೆ. ಆ ವರ್ಷವಂತೂ ನಮ್ಮಿಬ್ಬರ ನಡುವೆ ಒಂದು ಬಿಗಿ ಬಂದುಬಿಟ್ಟಿತ್ತು. ತಪ್ಪು ನನ್ನದೇ. ಅವರ ಹುಟ್ಟುಹಬ್ಬಕ್ಕೆ ಹೋದಾಗ ಹೂಗುಚ್ಛದ ಜೊತೆಗೆ ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಅಸಿಸ್ಟೆಡ್ ಲಿವಿಂಗ್ ಜಾಗದ ಬ್ರೋಶರನ್ನೂ ಕೊಟ್ಟಿದ್ದೆ. "ಸುಮ್ಮನೆ ನೋಡಿರಿ ಅತ್ತೆ, ಯೋಗಾ ಕ್ಲಾಸ್ ಎಲ್ಲಾ ಇದೆಯಂತೆ" ಎಂದಿದ್ದೆ. ಅವರು ಅದನ್ನು ಎರಡು ಬೆರಳಲ್ಲಿ ಹಿಡಿದು, ಸ್ಯಾಂಪಲ್ ಕೆಟ್ಟುಹೋದಾಗ ಲ್ಯಾಬಿನಲ್ಲಿ ಎತ್ತಿಡುತ್ತಾರಲ್ಲ, ಹಾಗೆ ಪಕ್ಕಕ್ಕಿಟ್ಟರು. ಅಲ್ಲಿಂದಾಚೆ ನಾನು ಮಾತಾಡಿಸಿದರೆ ಅವರು ಗೋಡೆ ನೋಡಿಕೊಂಡೇ ಉತ್ತರ ಕೊಡುತ್ತಿದ್ದರು. ಸಿಟ್ಟಿಗೂ ಒಂದು ಮಿತಿ ಬೇಡವೇ ಎಂದು ನಾನು ರಘುವಿನ ಹತ್ತಿರ ಗೊಣಗಿದ್ದೂ ಇದೆ.

ಹೀಗಿರುವಾಗ ಅಕ್ಟೋಬರ್‌ನ ಒಂದು ಭಾನುವಾರ ಅವರ ಫೋನ್ ಬಂತು.

"ವತ್ಸಲಾ, ನರಿ ಎಲ್ಲಿ ಸಿಗುತ್ತೆ ನೋಡು."

ನಾನು ಒಗ್ಗರಣೆ ಗಲಾಟೆಯಲ್ಲಿದ್ದೆ. ಯಾವುದೋ ಅಂಗಡಿ ಸಾಮಾನು ಎಂದುಕೊಂಡು, "ಎಡಿಸನ್‌ನ ಇಂಡಿಯನ್ ಅಂಗಡೀಲಿ ಸಿಗಬಹುದು ಅತ್ತೆ. ಎಷ್ಟು ಬೇಕು?" ಎಂದೆ.

"ಒಂದು ಸಾಕು. ಜೀವಂತ."

ಒಲೆ ಆರಿಸಿ ಕೂತೆ. ಅತ್ತೆ ಹೇಳಿದ ಕಥೆ ಇಷ್ಟು. ಅವರ ಬಾಲ್ಯ ಚಿಂತಾಮಣಿ ಕಡೆಯ ಒಂದು ಹಳ್ಳಿಯಲ್ಲಿ. ಸಂಕ್ರಾಂತಿ ಬೆಳಗ್ಗೆ ಊರ ಗಂಡಸರು ಬಲೆ ಹಿಡಿದು ಕುರುಚಲು ಕಾಡಿಗೆ ಹೋಗಿ ಒಂದು ನರಿ ತರುತ್ತಿದ್ದರಂತೆ. ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಮನೆಮನೆಗೂ ಮುಖ ತೋರಿಸಿ, ಮತ್ತೆ ಕಾಡಿಗೇ ಬಿಡುವುದು. ಈಗ ಹಾಗೆ ಹಿಡಿದರೆ ಅರಣ್ಯ ಇಲಾಖೆಯವರು ಬಂದು ಹಿಡಿದವರನ್ನೇ ಹಿಡಿಯುತ್ತಾರೆ. ಅತ್ತೆಗೆ ಆಗ ಏಳು ವರ್ಷ. ಬಚ್ಚಲಲ್ಲಿ ಅವರ ಅಜ್ಜಿ ತಲೆಗೆ ಸೀಗೆಪುಡಿ ಹಚ್ಚಿ ತಿಕ್ಕುತ್ತಿದ್ದಾಗಲೇ ಹೊರಗೆ "ನರಿ ಬಂತು! ನರಿ ಬಂತು!" ಎಂದು ಕೂಗಾಯಿತು. ಅತ್ತೆ ಒದ್ದೆ ಮೈಯಲ್ಲೇ ಬಾಗಿಲಿಗೆ ಓಡಿದರು. ಆದರೆ ಕಣ್ಣ ತುಂಬಾ ಸೀಗೆಪುಡಿ. ಕಣ್ಣು ಬಿಡುವ ಹೊತ್ತಿಗೆ ನರಿ ಪಕ್ಕದ ಬೀದಿ ಸೇರಿತ್ತು. ಅವರ ತಮ್ಮ, ಅಂದರೆ ನನ್ನ ಮಾವ, ಜಗಲಿ ಮೇಲೆ ನಿಂತು ಆರಾಮಾಗಿ ನೋಡಿದರಂತೆ.

"ನಿನ್ನ ಮಾವನ್ನ ನೋಡಿದ್ಯಲ್ಲ," ಎಂದರು ಅತ್ತೆ. "ಓದಲಿಲ್ಲ, ಪಾಸಾದ. ಹುಡುಕಲಿಲ್ಲ, ಕೆಲಸ ಸಿಕ್ತು. ಕೊನೇತನಕ ಒಂದು ಹಲ್ಲೂ ಬೀಳಲಿಲ್ಲ. ಎಲ್ಲಾ ಆ ನರಿ."

"ಅತ್ತೆ, ನೀವು ಡಾಕ್ಟರು. ಇದನ್ನೆಲ್ಲ ನಂಬ್ತೀರಾ?"

"ನಂಬಲ್ಲ. ನೋಡಬೇಕು, ಅಷ್ಟೆ."

ಮೃಗಾಲಯದ ನರಿ ಆಗುವುದಿಲ್ಲ, ಅದರ ಮುಖ ಕಂಡರೆ ಅದಕ್ಕೇ ಬೇಜಾರು ಎಂದರು. ಸಂಕ್ರಾಂತಿ ದಿನವೇ ಆಗಬೇಕು. ಕಣ್ಣು ಬಿಟ್ಟರೆ ಮೊದಲು ಕಾಣುವ ಮುಖ ನರಿಯದೇ ಇರಬೇಕು. ನಮ್ಮ ಊರ ಕಡೆಯ ಹೊಲಗದ್ದೆಗಳಲ್ಲಿ ಈಗ ನರಿ ಕಂಡರೆ ಅದೇ ಪುಣ್ಯ. ಆಫ್ರಿಕಾದಲ್ಲಾದರೆ ಬಯಲು, ಹಗಲೇ ಕಾಣುತ್ತದಂತೆ ಎಂದು ಎಲ್ಲೋ ಕೇಳಿದ್ದರು. ವಿಷಯ ರಘುವಿನ ಕೈಗೆ ಹೋಯಿತು. ಅವನಿಗೆ ಕೆಲಸ ಕೊಡುವುದೇ ತಡ, ಸ್ಪ್ರೆಡ್‌ಶೀಟ್ ತೆರೆಯುತ್ತಾನೆ. ವಾರದೊಳಗೆ ಊಟದ ಟೇಬಲ್ ಮೇಲೆ ನಾವು ನರಿ ಬಿಟ್ಟು ಬೇರೆ ಮಾತಾಡದ ಹಾಗಾಯಿತು. ಕಪ್ಪು ಬೆನ್ನಿನ ನರಿ ಬೇಕೆಂದರೆ ನಮೀಬಿಯಾದ ಎಟೋಶಾದಲ್ಲಿ ನೀರಿನ ಹೊಂಡದ ಪಕ್ಕ ಕೂತರೆ ಸಾಕು, ಅದೇ ಕುಡಿಯಲು ಬರುತ್ತದೆ. ಕಲಹಾರಿಯಲ್ಲೂ ಉಂಟು, ಕೀನ್ಯಾದ ಮಾರಾದಲ್ಲೂ ಉಂಟು. ಪಕ್ಕೆಯಲ್ಲಿ ಪಟ್ಟೆಯಿರುವ ಇನ್ನೊಂದು ಜಾತಿ ನಾಚಿಕೆಯದು, ಜಾಂಬಿಯಾದ ಕಡೆ ಮರಗಿಡ ಇರುವಲ್ಲಿ ಸಂಜೆ ಹುಡುಕಬೇಕು. ಸಂಕ್ರಾಂತಿ ಹೊತ್ತಿಗೆ ಮಾತ್ರ ಟಾಂಜಾನಿಯಾದ ಸೆರೆಂಗೆಟಿಯ ದಕ್ಷಿಣದ ಹುಲ್ಲುಗಾವಲೇ ಸರಿ, ಆಗ ಅಲ್ಲಿ ಲಕ್ಷಾಂತರ ವಿಲ್ಡ್‌ಬೀಸ್ಟ್, ದನದಂಥ ಕಾಡುಪ್ರಾಣಿ, ಕರು ಹಾಕಲು ಸೇರುತ್ತವೆ, ನರಿಗಳಿಗೆ ಹಬ್ಬ. ರಘು ಇಷ್ಟನ್ನೂ ನನಗೆ ರಾತ್ರಿ ಊಟದಲ್ಲಿ, ಸಾರು ಅನ್ನ ಕಲಸುತ್ತ, ಕರು ಹಾಕಿದ ಮೇಲೆ ನರಿ ಏನು ತಿನ್ನುತ್ತದೆ ಎಂಬುದರ ಸಮೇತ ವಿವರಿಸಿದ.

ಟೂರ್ ಏಜೆಂಟ್ ಹುಡುಗಿಗೆ ಅತ್ತೆಯೇ ಫೋನ್ ಮಾಡಿದರು, ಸ್ಪೀಕರ್ ಹಾಕಿ. ಆಕೆ ಸಿಂಹ, ಆನೆ, ಚಿರತೆ ಎಂದು ಶುರು ಮಾಡಿದಳು. ಅತ್ತೆ, "ಅದೆಲ್ಲ ಬೇಡಮ್ಮ, ಜ್ಯಾಕಲ್ ಮಾತ್ರ" ಎಂದು ಇಂಗ್ಲಿಷಿನಲ್ಲಿ ಹೇಳಿದರು. ಆ ಕಡೆ ಕೀಬೋರ್ಡ್ ಟಕಟಕ ಎಂದಿತು. ಆಮೇಲೆ, "ಮ್ಯಾಮ್, ನೀವು ರಿಸರ್ಚರಾ?"

"ಇಲ್ಲ, ಚಿಂತಾಮಣಿಯವಳು."

ನವೆಂಬರಿನಲ್ಲಿ ಒಂದು ರಿಹರ್ಸಲ್ ಆಯಿತು. ನಮ್ಮ ಹಿತ್ತಲಿಗೆ ಬೆಳಗ್ಗೆ ಒಂದು ಕೆಂಪು ಫಾಕ್ಸ್ ಬರುತ್ತದೆ. ಅದು ಜ್ಯಾಕಲ್ ಅಲ್ಲ, ಅಂದರೆ ಹಳ್ಳಿಯಲ್ಲಿ ಹಿಡಿಯುತ್ತಿದ್ದ ಅಸಲಿ ನರಿ ಅಲ್ಲ, ಅದೃಷ್ಟಕ್ಕೆ ಲೆಕ್ಕವಿಲ್ಲ. ಆದರೆ ಅಭ್ಯಾಸಕ್ಕೆ ಅಡ್ಡಿಯಿಲ್ಲವೆಂದು ಅತ್ತೆ ಶುಕ್ರವಾರವೇ ಬಂದು ಉಳಿದರು. ಶನಿವಾರ ಬೆಳಕು ಹರಿಯುವಾಗ ಅವರು ಹಾಸಿಗೆಯಲ್ಲೇ ಕಣ್ಣುಪಟ್ಟಿ ಕಟ್ಟಿಕೊಂಡರು. ನಾನು ಕೈ ಹಿಡಿದು ಮೆಟ್ಟಿಲಿಳಿಸಿ, ಹಿಂದಿನ ಡೆಕ್ ಮೇಲೆ ಕುರ್ಚಿಯಲ್ಲಿ ಕೂರಿಸಿ, ಚಳಿಗೆ ಕಂಬಳಿ ಸುತ್ತಿ, ಅದು ಜಾರದಂತೆ ಸೊಂಟಕ್ಕೆ ರಘುವಿನ ಪಂಚೆ ಬಿಗಿದೆ. ಫಾಕ್ಸ್ ಹೆದರದಿರಲೆಂದು ರಘು, ರಜೆಗೆ ಬಂದಿದ್ದ ಅನಘಾ, ನಾನು ಮೂವರೂ ಒಳಗೆ ಬಂದು ಪರದೆ ಸಂದಿಯಿಂದ ನೋಡುತ್ತ ನಿಂತೆವು.

ಹಿಂದಿನ ಮನೆಯ ಡಾನವನ್ ನಾಯಿ ಜೊತೆ ವಾಕಿಂಗ್ ಹೊರಟಿದ್ದರು. ಅವರಿಗೆ ಕಂಡದ್ದು ಏನು? ಕಣ್ಣು ಕಟ್ಟಿ, ಕುರ್ಚಿಗೆ ಬಿಗಿದು, ಚಳಿಯಲ್ಲಿ ಕೂರಿಸಿದ ಒಬ್ಬ ಮುದುಕಿ, ಪರದೆ ಹಿಂದೆ ಮೂರು ಜೊತೆ ಕಣ್ಣು. ಅವರ ಜಾಗದಲ್ಲಿ ನಾನಿದ್ದರೂ ಪೊಲೀಸರಿಗೆ ಫೋನ್ ಮಾಡುತ್ತಿದ್ದೆ. ಹತ್ತು ನಿಮಿಷಕ್ಕೆ ಒಬ್ಬ ಆಫೀಸರ್ ಹಿತ್ತಲಿಗೇ ಬಂದು ಅತ್ತೆಯ ಮುಂದೆ ಮಂಡಿಯೂರಿ, ಮೆಲ್ಲಗೆ, "ಮ್ಯಾಮ್, ನೀವು ಇಲ್ಲಿ ಸ್ವಂತ ಇಷ್ಟದಿಂದ ಇದ್ದೀರಾ?" ಎಂದ.

ಅತ್ತೆ ಪಿಸುಗುಟ್ಟಿದರು, "ಫಾಕ್ಸ್ ಬಂತಾ?"

ಎಂದವರೇ ಪಟ್ಟಿ ಎತ್ತಿದರು. ಎದುರಿಗೆ ಟೋಪಿ, ಮೀಸೆ. ಅತ್ತೆಗೆ ಆದ ನಿರಾಸೆಯನ್ನು ಆ ಪಾಪದ ಮನುಷ್ಯ ಭಯ ಎಂದುಕೊಂಡ. ನಮ್ಮ ಮೂವರನ್ನೂ ಬೇರೆಬೇರೆ ನಿಲ್ಲಿಸಿ ವಿಚಾರಿಸಿದ. ಮೂವರೂ ಒಂದೇ ಉತ್ತರ ಕೊಟ್ಟೆವು, ಅದರಿಂದ ಅನುಮಾನ ಇನ್ನೂ ಹೆಚ್ಚಾಯಿತು. ಕೊನೆಗೆ ಅತ್ತೆ ತಮ್ಮ ಹಳೇ ಆಸ್ಪತ್ರೆಯ ಐಡಿ ಕಾರ್ಡ್ ತೋರಿಸಿ, ಸೀಗೆಪುಡಿಯ ಕಥೆ ಪೂರ್ತಿ ಹೇಳಿ, ಕಾಫಿ ಕುಡಿಸಿ ಕಳಿಸಿದರು. ಹೊರಡುವಾಗ ಅವನು, "ಗುಡ್ ಲಕ್ ವಿತ್ ದಿ ಜ್ಯಾಕಲ್" ಎಂದ. ಆವತ್ತು ಮಧ್ಯಾಹ್ನ ಫಾಕ್ಸ್ ಬಂದು ಡೆಕ್ ಮೇಲೆ ಒಣಹಾಕಿದ್ದ ಪಂಚೆ ಮೇಲೆ ಮಲಗಿತ್ತು.

ಜನವರಿಯಲ್ಲಿ ನಾಲ್ವರೂ ಹೊರಟೆವು. ನಮ್ಮ ಗೈಡ್ ಕಮ್ ಡ್ರೈವರ್ ಇಮ್ಯಾನುಯೆಲ್, ಐವತ್ತರ ಆಸುಪಾಸಿನ ಗಂಭೀರ ಮನುಷ್ಯ. ಅತ್ತೆಯ ಷರತ್ತು ಕೇಳಿ ನಗಲೇ ಇಲ್ಲ. "ಬೀಬಿ," ಎಂದ, ಹಾಗೆಂದರೆ ಅವರ ಭಾಷೆಯಲ್ಲಿ ಅಜ್ಜಿ, "ಬ್ವೇಹಾ ತೋರಿಸುವುದು ನನ್ನ ಜವಾಬ್ದಾರಿ." ಬ್ವೇಹಾ ಅಂದರೆ ನರಿ. ಸಂಕ್ರಾಂತಿಗೆ ಎರಡು ದಿನ ಮುಂಚೆಯೇ ಅಭ್ಯಾಸ ಶುರು ಮಾಡಿದೆವು. ಅಕಸ್ಮಾತ್ ಸಂಕ್ರಾಂತಿ ದಿನ ನರಿ ಸಿಗದೆ ಹೋದರೆ ಈ ಎರಡು ದಿನವೂ ಲೆಕ್ಕಕ್ಕಿರಲಿ ಎಂದು ಅತ್ತೆಯೇ ನಿಯಮ ಸಡಿಲಿಸಿದರು.

ಮೊದಲ ದಿನ ಸೂರ್ಯ ಮೇಲೇರುವುದರೊಳಗೆ ಸಿಂಹಗಳು ಸಿಕ್ಕವು. ಒಂದಲ್ಲ, ಏಳು. ಜೀಪಿನ ಚಕ್ರಕ್ಕೆ ಬೆನ್ನು ಉಜ್ಜುವಷ್ಟು ಹತ್ತಿರ. ಅತ್ತೆ ಕಣ್ಣುಪಟ್ಟಿ ಕಟ್ಟಿಕೊಂಡು ಬ್ರೇಕ್‌ಫಾಸ್ಟ್ ಡಬ್ಬಿಯಲ್ಲಿ ತಡಕಾಡುತ್ತಿದ್ದರು.

"ಅತ್ತೆ, ಸಿಂಹ!" ಎಂದು ರಘು ಉಸಿರುಗಟ್ಟಿ ಹೇಳಿದ.

"ಇದ್ದರೆ ಇರಲಿ. ಇದೇನಿದು ದುಂಡಗೆ? ಮೊಟ್ಟೇನಾ?"

ಪಕ್ಕದ ಜೀಪುಗಳ ಜನ ಸಿಂಹ ಬಿಟ್ಟು ನಮ್ಮನ್ನು ಫೋಟೋ ತೆಗೆಯತೊಡಗಿದರು. ಹತ್ತು ಗಂಟೆಗೆ ಬಿಸಿಲೇರಿ ನರಿಯ ಆಸೆ ಬಿಟ್ಟ ಮೇಲೆ ಅತ್ತೆ ಪಟ್ಟಿ ತೆಗೆದರು. ಮೊದಲು ಕಂಡದ್ದು ರಘುವಿನ ಮುಖ. "ನಿಂದು ದಿನಾ ನೋಡೋದೇ" ಎಂದರು.

ಎರಡನೇ ದಿನ ಒಂದು ಪ್ರಾಣಿ ಬಂದೇ ಬಂತು. ಹೊಂಬಣ್ಣ, ಚೂಪು ಮೂತಿ, ನನ್ನ ಕಣ್ಣಿಗೆ ನೂರಕ್ಕೆ ನೂರು ನರಿ. "ಅತ್ತೆ, ತೆಗೀರಿ, ತೆಗೀರಿ!" ಎಂದೆ. ಅವರ ಕೈ ಪಟ್ಟಿಗೆ ಹೋಗಿತ್ತು. ಆಗ ನಮ್ಮ ಬಯಾಲಜಿ ಮಗಳು ಬಾಯಿ ಬಿಟ್ಟಳು.

"ಟೆಕ್ನಿಕಲಿ, ದಟ್ಸ್ ಎ ವುಲ್ಫ್."

ಆಫ್ರಿಕಾದ ಈ ಹೊಂಬಣ್ಣದ ಜಾತಿಯನ್ನು ಮೊದಲು ನರಿ ಅನ್ನುತ್ತಿದ್ದರಂತೆ. ಡಿಎನ್‌ಎ ನೋಡಿದ ಮೇಲೆ ತೋಳದ ಕಡೆಯದು ಎಂದು ಗೊತ್ತಾಯಿತಂತೆ. ಜೀಪಿನೊಳಗೆ ಯುದ್ಧ. "ಮುಖ ನರಿಯದ್ದೇ ಅಲ್ವೇನೇ? ಡಿಎನ್‌ಎ ಯಾರು ನೋಡ್ತಾರೆ?" ಎಂದು ನಾನು. "ಸೈನ್ಸ್ ಇಸ್ ಸೈನ್ಸ್, ಅಮ್ಮಾ" ಎಂದು ಅವಳು. ನಡುವೆ ಅತ್ತೆ ಕತ್ತಲಲ್ಲಿ ಕೂತು ತೀರ್ಪು ಕೊಟ್ಟರು, "ಮಗು ಹೇಳೋದು ಸರಿ. ತೋಳ ಬೇಡ." ನರಿಯೋ ತೋಳವೋ, ಅದು ನಮ್ಮ ಕೂಗಾಟ ಐದು ನಿಮಿಷ ಕೇಳಿ ಎದ್ದುಹೋಯಿತು.

ಇಷ್ಟರಲ್ಲಿ ಸುದ್ದಿ ಹರಡಿತ್ತು. ಸಫಾರಿ ಡ್ರೈವರುಗಳು ಎಲ್ಲಿ ಸಿಂಹವಿದೆ ಎಂದು ಒಬ್ಬರಿಗೊಬ್ಬರು ರೇಡಿಯೋದಲ್ಲಿ ಹೇಳಿಕೊಳ್ಳುತ್ತಾರೆ. ಸಂಕ್ರಾಂತಿ ಬೆಳಗ್ಗೆ ಇಮ್ಯಾನುಯೆಲ್‌ನ ರೇಡಿಯೋ ಒಂದೇ ಸಮನೆ ಗೊರಗುಟ್ಟುತ್ತಿತ್ತು, ಪ್ರತಿ ಮಾತಿನಲ್ಲೂ "ಬೀಬಿ", "ಬ್ವೇಹಾ". ಕಣ್ಣು ಕಟ್ಟಿಕೊಂಡ ಅಜ್ಜಿಗೋಸ್ಕರ ಆ ಬಯಲಿನ ಡ್ರೈವರುಗಳೆಲ್ಲ ನರಿ ಹುಡುಕುತ್ತಿದ್ದರು. ಚಿರತೆ ನೋಡಬೇಕೆಂದು ದೂರದಿಂದ ಬಂದ ಅದೆಷ್ಟು ಜನ ಆ ಬೆಳಗ್ಗೆ ಯಾಕೆ ಏನು ಎಂದು ತಿಳಿಯದೆ ಪೊದೆಪೊದೆ ಸುತ್ತಿದರೋ!

ಕೊನೆಗೆ ಇಮ್ಯಾನುಯೆಲ್ ಎಂಜಿನ್ ನಿಲ್ಲಿಸಿದ. ಇಪ್ಪತ್ತು ಅಡಿ ದೂರದಲ್ಲಿ ಗಂಡು ಹೆಣ್ಣು ಜೋಡಿ. ಒಂದು ಮಲಗಿತ್ತು. ಇನ್ನೊಂದು ಎದ್ದು ನಿಂತು ನೇರ ನಮ್ಮನ್ನೇ ನೋಡುತ್ತಿತ್ತು. ಬೆನ್ನ ಮೇಲೆ ಯಾರೋ ಕಪ್ಪು ಬಿಳಿ ಕಂಬಳಿ ಹೊದಿಸಿದ ಹಾಗೆ, ಪಕ್ಕೆ ಕೆಂಪು, ದೊಡ್ಡ ಕಿವಿ. ನಾವು ಮೂವರೂ ಅನಘಾಳ ಕಡೆ ತಿರುಗಿದೆವು. ಅವಳು ತಲೆಯಾಡಿಸಿದಳು. "ಜ್ಯಾಕಲ್."

"ಅತ್ತೆ, ತೆಗೀರಿ" ಎಂದೆ. "ನಿಮ್ಮ ಎದುರಿಗೇ ಇದೆ. ನೇರ."

ಅತ್ತೆ ಪಟ್ಟಿ ತೆಗೆದರು. ಎರಡು ಸಲ ಕಣ್ಣು ಮಿಟುಕಿಸಿದರು. ಆಮೇಲೆ ಮುಖವನ್ನು ಬಲಕ್ಕೆ ತಿರುಗಿಸಿ, ಏನೂ ಇಲ್ಲದ ಹುಲ್ಲನ್ನು ನೋಡತೊಡಗಿದರು.

"ಆ ಕಡೆ ಅಲ್ಲ ಅತ್ತೆ! ಈ ಕಡೆ! ನೇರಕ್ಕೆ ನೋಡಿ, ಹೋಗಿಬಿಡತ್ತೆ!" ನನಗೆ ಅಳುವೇ ಬಂದಿತ್ತು. ಸಾವಿರಾರು ಮೈಲಿ ಬಂದು ಈಯಮ್ಮ ಹುಲ್ಲು ನೋಡುತ್ತಿದ್ದಾರಲ್ಲ!

"ಗೊತ್ತಮ್ಮ" ಎಂದರು ಅತ್ತೆ, ಹುಲ್ಲನ್ನೇ ನೋಡುತ್ತ. "ಸುಮ್ಮನಿರು. ನೇರ ನೋಡಿದರೆ ನನಗೆ ಅದರ ಮುಖ ಕಾಣಲ್ಲ."

ಅತ್ತೆ ಹಾಗೇ ಪಕ್ಕಕ್ಕೆ ತಿರುಗಿಕೊಂಡೇ ಮೆಲ್ಲಗೆ ಹೇಳುತ್ತಾ ಹೋದರು. "ಮೂಗಿನ ಮೇಲೊಂದು ಗಾಯ ಇದೆ. ಎಡಗಿವಿ ತುದಿ ಹರಿದಿದೆ. ಎಷ್ಟು ಚೆನ್ನಾಗಿದೆಯೋ! ನಮ್ಮಪ್ಪನ ಥರಾ ನೋಡ್ತಿದೆ, ಮಾರ್ಕ್ಸ್ ಕಾರ್ಡ್ ತಂದಾಗ ನೋಡೋರಲ್ಲ." ನಾನು ದುರ್ಬೀನಿನಲ್ಲಿ ನೋಡಿದೆ. ಗಾಯವೂ ಇತ್ತು, ಕಿವಿಯೂ ಹರಿದಿತ್ತು.

ನರಿ ಜೋಡಿ ತಾನಾಗಿ ಎದ್ದುಹೋಗುವ ತನಕ ಕೂತಿದ್ದೆವು. ಆಮೇಲೆ ರಘು, ಕಣ್ಣಿಗೆ ಏನಾಗಿದೆ ಎಂದು ಕೇಳಿದ. ಅತ್ತೆ ಲ್ಯಾಬ್ ರಿಪೋರ್ಟ್ ಓದುವ ದನಿಯಲ್ಲಿ ಹೇಳಿದರು. ಎರಡೂ ಕಣ್ಣಿನ ಅಕ್ಷಿಪಟಲದ ನಡುಭಾಗ ಸವೆಯುತ್ತಿದೆ, ಒಂದೂವರೆ ವರ್ಷವಾಯಿತು. ಮಾತ್ರೆ ಇದೆ, ಆದರೆ ಹೋದದ್ದು ಬರುವುದಿಲ್ಲ. ಅಂಚು ಚೆನ್ನಾಗಿದೆ, ನಡುವೆ ಮಾತ್ರ ಮಂಜು. ಪೂರ್ತಿ ಮಂಜಾಗುವುದರೊಳಗೆ ಒಂದು ನರಿ ನೋಡಿಬಿಡೋಣ ಅನ್ನಿಸಿತು.

"ನಮಗ್ಯಾಕೆ ಹೇಳಲಿಲ್ಲ?" ಎಂದೆ.

"ಹೇಳಿದ್ದರೆ ನೀನು ಇನ್ನೂ ನಾಲ್ಕು ಬ್ರೋಶರ್ ತರ್ತಿದ್ದೆ."

ನಾನು ತಲೆ ತಗ್ಗಿಸಿದೆ. ಆಗ ಏನೋ ಹೊಳೆದು, "ಹಾಗಾದ್ರೆ, ನನ್ನ ಜೊತೆ ಮಾತಾಡುವಾಗ ಗೋಡೆ..." ಎಂದೆ.

"ಇನ್ನೇನು ಮಾಡಲಿ? ನಿನ್ನ ಮುಖ ನೋಡಿದರೆ ಕಿವಿಯೋಲೆ ಎರಡು ಕಾಣುತ್ತೆ, ನಡುವೆ ಏನೂ ಇಲ್ಲ. ಗೋಡೆ ನೋಡಿದರೆ ನೀನು ಕಾಣ್ತೀಯ."

ಒಂದು ವರ್ಷವಿಡೀ ನನ್ನನ್ನು ಅಷ್ಟು ಕಷ್ಟಪಟ್ಟು ನೋಡುತ್ತಿದ್ದವರ ಮೇಲೆ ನಾನು, ನನ್ನ ಮುಖ ನೋಡಲೂ ಅವರಿಗೆ ಇಷ್ಟವಿಲ್ಲ ಎಂದು ಚಾಡಿ ಹೇಳಿದ್ದೆ. ಆ ಜೀಪಿನಲ್ಲಿ ನನಗೆ ಸರಿಯಾಗಿ ಅಳು ಬರುವ ಹೊತ್ತಿಗೆ ರಘುವಿಗೆ ಇನ್ನೊಂದು ವಿಷಯ ಹೊಳೆಯಿತು.

"ಅತ್ತೆ, ಹೋದ ವಾರದ ತನಕ ನೀವು ಡ್ರೈವ್ ಮಾಡ್ತಿದ್ರಿ."

"ಬರೀ ಗ್ರೋಸರಿಗೆ."

"ಹೇಗೆ?"

"ಅಂಗಡಿಗಳನ್ನ ನೋಡ್ಕೊಂಡು ಹೋದರೆ ರಸ್ತೆ ಕಾಣುತ್ತೆ."

ಇಮ್ಯಾನುಯೆಲ್‌ಗೆ ಕನ್ನಡ ಬರುವುದಿಲ್ಲ. ಆದರೂ ಅನಘಾ ಇಂಗ್ಲಿಷಿನಲ್ಲಿ ಚೀರಿದ್ದು ಕೇಳಿ ಅವನೂ ಎರಡು ಕೈಯಲ್ಲಿ ಸ್ಟಿಯರಿಂಗ್ ಹಿಡಿದುಕೊಂಡ. ಅಲ್ಲೇ, ವಿಲ್ಡ್‌ಬೀಸ್ಟ್‌ಗಳ ನಡುವೆ, ವಾಗ್ವಾದವಾಗಿ, ಅತ್ತೆ ಕೈಚೀಲದಿಂದ ಕಾರಿನ ಕೀಲಿ ತೆಗೆದು ರಘುವಿನ ಕೈಗೆ ಹಾಕಿದರು. ಕೊಟ್ಟ ಮೇಲೆ ಕೈಚೀಲದ ಜಿಪ್ ಎಳೆದು ಮುಚ್ಚಿದರು.

ಅದೃಷ್ಟದ ವಿಷಯ ಕೇಳುತ್ತೀರೇನೋ. ವಾಪಸು ಬಂದಾಗ ಏರ್‌ಪೋರ್ಟಿನ ಬೆಲ್ಟಿನ ಮೇಲೆ ಎಲ್ಲರಿಗಿಂತ ಮೊದಲು ಅತ್ತೆಯ ಸೂಟ್‌ಕೇಸ್ ಬಂತು. "ಎಪ್ಪತ್ತು ವರ್ಷ ಕಾದಿದ್ದಕ್ಕೆ ಇಷ್ಟೇನಾ?" ಎಂದು ಅವರು ಬೆಲ್ಟನ್ನೇ ಗದರಿದರು.

ಅವರು ಹತ್ತೊಂಬತ್ತನೇ ಮಹಡಿ ಬಿಟ್ಟು ಬರಲಿಲ್ಲ. ನಾವೂ ಬನ್ನಿ ಎಂದು ಪೀಡಿಸಲಿಲ್ಲ. ಅಕ್ಷರ ದೊಡ್ಡದು ಮಾಡುವ ಒಂದು ಸ್ಕ್ರೀನು ಬಂತು, ಒಲೆಯ ನಾಬ್‌ಗಳಿಗೆ ಅನಘಾ ಉಬ್ಬು ಸ್ಟಿಕ್ಕರ್ ಅಂಟಿಸಿದಳು. ಶನಿವಾರ ನಾನು ಹೋಗಿ ಅವರನ್ನು ಗ್ರೋಸರಿಗೆ ಕರೆದೊಯ್ಯುತ್ತೇನೆ. ಕಾರಿನಲ್ಲಿ ಅವರು ಪಕ್ಕದ ಕಿಟಕಿ ನೋಡುತ್ತಾ ಕೂತು, ನಾನು ತಪ್ಪಿಸುವ ಎಕ್ಸಿಟ್ಟುಗಳನ್ನೆಲ್ಲ ನನಗಿಂತ ಮೊದಲೇ ಹೇಳುತ್ತಾರೆ.

ಹೋದ ತಿಂಗಳು ಒಂದು ಮಧ್ಯಾಹ್ನ, ಸಾಮಾನೆಲ್ಲ ಎತ್ತಿಟ್ಟು ಅವರ ಕಿಟಕಿ ಪಕ್ಕ ಕಾಫಿ ಹಿಡಿದು ಕೂತಿದ್ದೆವು. ನಾನು ತಿಂಗಳುಗಟ್ಟಲೆ ಒಳಗೇ ಇಟ್ಟುಕೊಂಡಿದ್ದ ಮಾತನ್ನು ಹೇಗೋ ಶುರು ಮಾಡಿದೆ. ಅತ್ತೆ, ನಾನು ನಿಮ್ಮನ್ನು ತಪ್ಪು ತಿಳಿದುಕೊಂಡಿದ್ದೆ, ನನಗೆ ಆಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ ಎಂದೆಲ್ಲ. ಅತ್ತೆ ಮುಖ ಆಚೆ ತಿರುಗಿಸಿ, ಸೇತುವೆಯ ಮೇಲೆ ಸಾಲುಗಟ್ಟಿದ ಕಾರುಗಳನ್ನು ಬಹಳ ಹೊತ್ತು ನೋಡಿದರು.

"ವತ್ಸಲಾ" ಎಂದರು ಕೊನೆಗೆ, ಸೇತುವೆಯನ್ನೇ ನೋಡುತ್ತ. "ನಿನ್ನ ಬೊಟ್ಟು ಓರೆಯಾಗಿದೆ. ಸರಿ ಮಾಡ್ಕೊ."